ಬಾಟ್ಲಿ ತೂಗುವ ಹುಡುಗಿ

ಬೆಂಕಿ ಬೀಳದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ. ಆದರೂ ನಾನು ಕಾಲಿಟ್ಟ ಕಡೆಯೆಲ್ಲ ಏನಾದರೊಂದು ಹೊತ್ತಿಕೊಳ್ಳುತ್ತಲೇ ಇರುತ್ತದೆ, ಅದರಲ್ಲಿ ಮುಕ್ಕಾಲುಪಾಲು ಬರೀ ಮಾತಿನಿಂದ ಹೊತ್ತಿಕೊಂಡದ್ದು.

ಹಿರಿಯೂರಿನಾಚೆಯ ಬಯಲಿನಲ್ಲಿ ಖಾಸಗಿಯವರದೊಂದು ಸಣ್ಣ ವಿಮಾನಪಟ್ಟಿ ಇದೆ. ಪಕ್ಕದಲ್ಲಿ ತಗಡಿನ ದೊಡ್ಡ ಶೆಡ್ಡು. ಸಾಹುಕಾರರೂ ಕಂಪನಿ ದೊರೆಗಳೂ ಓಡಾಡುವ ಪುಟ್ಟ ವಿಮಾನಗಳು ಅಲ್ಲಿಗೆ ತಪಾಸಣೆಗೆ ಬರುತ್ತವೆ. ಲಾರಿಗೆ ಎಫ್‌ಸಿ ಇದ್ದ ಹಾಗೆ ಇವಕ್ಕೂ ಕಡ್ಡಾಯ ತಪಾಸಣೆ ಉಂಟು. ಬೆಂಕಿ ಹತ್ತಿದರೆ ಗಂಟೆ ಬಾರಿಸುತ್ತದೋ ಇಲ್ಲವೋ, ಆರಿಸುವ ಸಾಮಾನು ಕೆಲಸ ಮಾಡುತ್ತದೋ ಇಲ್ಲವೋ ಎಂದು ನೋಡುವುದು ನನ್ನ ಪಾಲಿನದು. ನಾನು ಸರಿ ಅನ್ನುವವರೆಗೆ ಎಂಥ ಸಾಹುಕಾರರಾದರೂ ನೆಲದ ಮೇಲೆಯೇ ಇರಬೇಕು. ಈ ಒಂದು ಕಾರಣಕ್ಕೇ ನನಗೆ ಈ ಕೆಲಸ ಬಹಳ ಇಷ್ಟ.

ಹೋದ ನವರಾತ್ರಿಯ ಆಸುಪಾಸಿನಲ್ಲಿ ನನ್ನ ಮದುವೆಯ ಮಾತು ನಡೆಯಿತು. ಆಗ ಆದದ್ದನ್ನು ಒಂದೊಂದಾಗಿ ಹೇಳುತ್ತೇನೆ. ಈಗ ನಗು ಬರುತ್ತದೆ. ಆಗ ಊಟ ಸೇರುತ್ತಿರಲಿಲ್ಲ.

ಫೈರಿಂಜಿನ್ನು

ನಮ್ಮದು ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರ. ವಾರವೆಲ್ಲ ಹಿರಿಯೂರಿನ ರೂಮಿನಲ್ಲಿ ಇರುತ್ತೇನೆ, ಶನಿವಾರ ಬಂದರೆ ಬಸ್ಸು ಹತ್ತಿ ಊರಿಗೆ. ಹಾಗೊಂದು ಶನಿವಾರ ಬಿ.ದುರ್ಗದಿಂದ ನನ್ನನ್ನು ನೋಡಲು ಬಂದರು. ಹುಡುಗ ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುತ್ತವಲ್ಲ, ಆ ಗಾಳಿ ಫ್ಯಾನುಗಳನ್ನು ರಿಪೇರಿ ಮಾಡುವವನು. ತಂದೆ ಇಲ್ಲ, ದೊಡ್ಡಪ್ಪನೇ ಸಾಕಿದ್ದು. ಆ ಮನೆಯಲ್ಲಿ ದೊಡ್ಡಪ್ಪ ಹೂಂ ಅಂದರೆ ಹೂಂ, ಉಹೂಂ ಅಂದರೆ ಉಹೂಂ. ದೊಡ್ಡಮ್ಮನಿಗೆ ಮಂಡಿನೋವು ಜಾಸ್ತಿಯಾಗಿ ಆವತ್ತು ಬಂದಿರಲಿಲ್ಲ.

ದೊಡ್ಡಪ್ಪನವರು ಹಣೆ ತುಂಬ ವಿಭೂತಿ ಧರಿಸಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಕಾಫಿ ಚಟ, ಬೇಡ ಅಂದರು. ಎಲೆ ಅಡಿಕೆ ತಟ್ಟೆ ಮುಂದಿಟ್ಟರೆ ಅದೂ ಚಟ ಅಂದರು. ಅಪ್ಪ ಸುಮ್ಮನಿರಲಾರದೆ ಬಾಳೆಹಣ್ಣು ಕೊಟ್ಟ. ಅದೊಂದನ್ನು ಚಟ ಅನ್ನಲಿಲ್ಲ.

ಆಮೇಲೆ ನನ್ನ ಕೆಲಸದ ವಿಚಾರಣೆ ಶುರುವಾಯಿತು. ವಿಮಾನದಲ್ಲಿ ಬೆಂಕಿ ಆರಿಸುವ ಸಾಮಾನು ಪರೀಕ್ಷೆ ಮಾಡುತ್ತೇನೆ ಎಂದೆ. ಹಾಗಾದರೆ ಫೈರಿಂಜಿನ್ನು ಅಂದರು. ಅಪ್ಪ ಅಡ್ಡ ಬಾಯಿ ಹಾಕಿ, ಇಂಜಿನ್ನಲ್ಲ ಯಜಮಾನ್ರೇ, ವಿಮಾನದ ಒಳಗೇ ಹೋಗುತ್ತಾಳೆ ಅಂದ. ಹಾಗಾದರೆ ಗಗನಸಖಿ ಅಂದರು. ಅಮ್ಮ ಬಾಗಿಲ ಸಂದಿಯಿಂದಲೇ ಅಯ್ಯಯ್ಯೋ ಅದಲ್ಲ ಅಂದಳು. ನಾನು ವಿಮಾನದ ಬಾಲ, ಇಂಜಿನ್ನು, ತಂತಿ, ಗಂಟೆ ಎಲ್ಲವನ್ನೂ ಕೈಯಲ್ಲಿ ತೋರಿಸಿ ತೋರಿಸಿ ಸುಸ್ತಾದೆ.

ಈ ಗದ್ದಲದಲ್ಲಿ ಹುಡುಗ ಕೇಳಿದ್ದು ಒಂದೇ ಮಾತು. ಮದುವೆಯಾದ ಮೇಲೆ ಕೆಲಸ ಬಿಡ್ತೀರಾ ಅಂದ. ಅದಕ್ಕೂ ಮುಂಚೆ ನೋಡಲು ಬಂದವರೆಲ್ಲ ಇದನ್ನೇ ಕೇಳಿ, ಬಿಡಲ್ಲ ಅಂದ ಕೂಡಲೇ ಚಪ್ಪಲಿ ಹುಡುಕಿದ್ದರು. ನಾನು ಸ್ವಲ್ಪ ಗಡುಸಾಗಿಯೇ ಬಿಡಲ್ಲ ಅಂದೆ.

"ಬಿಡ್ಬೇಡ್ರಿ" ಅಂದ. "ನಾನು ಅಷ್ಟೆತ್ತರ ಹತ್ತೋನು. ಹಗ್ಗ, ಕೊಂಡಿ ಯಾರೋ ಒಬ್ರು ನೆಟ್ಟಗೆ ಚೆಕ್ ಮಾಡಿದ್ರೇನೇ ನಾನು ಸಂಜೆ ಮನೆಗೆ ಬರೋದು. ಅದರ ಬೆಲೆ ನಂಗೆ ಗೊತ್ತೈತಿ."

ಆ ಕ್ಷಣಕ್ಕೇ ನನಗೆ ಇವನೇ ಆಗಬೇಕು ಅನ್ನಿಸಿಬಿಟ್ಟಿತು. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ, ಆವತ್ತಿನಿಂದ ನನಗಿದ್ದ ಚಿಂತೆ ಒಂದೇ, ಆ ದೊಡ್ಡಪ್ಪ ಹೂಂ ಅನ್ನಬೇಕು.

ಅವರು ಎದ್ದು ಹೊರಡುವಾಗ, ಅಲ್ಲವ್ವ, ಇಷ್ಟು ವರ್ಷದಲ್ಲಿ ಎಷ್ಟು ವಿಮಾನದ ಬೆಂಕಿ ಆರಿಸಿದ್ದೀಯ ಎಂದು ಕೇಳಿದರು. ಒಂದಕ್ಕೂ ಬೆಂಕಿ ಬಿದ್ದಿಲ್ಲ ಎಂದೆ. ಅವರ ಮುಖ ಅರಳಿತು. ಅಪ್ಪನ ಕಡೆ ತಿರುಗಿ, "ಕೆಲಸಾನೇ ಇಲ್ದೆ ತಿಂಗಳು ತಿಂಗಳು ಸಂಬ್ಳ ಕೊಡ್ತಾರೆ ಅಂದ್ರೆ ಇದು ಗೌರ್ಮೆಂಟ್ ನೌಕರಿನೇ. ಮೊದ್ಲೇ ಹೇಳೋದಲ್ವೇನ್ರಿ" ಅಂದರು.

ಹಬ್ಬ ಕಳೆಯಲಿ, ಹೇಳಿ ಕಳಿಸುತ್ತೇವೆ ಎಂದು ಹೋದರು.

ಕೆಂಪು ಬಿಲ್ಲೆ

ಆ ಹಬ್ಬದವರೆಗೂ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ಕೆಲಸವೇನೂ ನನ್ನ ಮದುವೆಗೆ ಅಂತ ಕಾಯುವುದಿಲ್ಲ, ಬರುತ್ತಲೇ ಇತ್ತು.

ಈ ವಿಮಾನಗಳ ಬಾಲದ ಹತ್ತಿರ, ಒಳಗಡೆ, ಉಕ್ಕಿನ ದುಂಡನೆಯ ಡಬ್ಬಗಳು ಇರುತ್ತವೆ. ಒಂದೊಂದು ಸಣ್ಣ ಕುಂಬಳಕಾಯಿಯಷ್ಟು. ಅದರೊಳಗೆ ಬೆಂಕಿ ಆರಿಸುವ ಅನಿಲ ತುಂಬಿರುತ್ತದೆ. ನಮ್ಮ ಕಸುಬಿನಲ್ಲಿ ಅದಕ್ಕೆ ಬಾಟ್ಲಿ ಎಂದೇ ಹೆಸರು. ಕಾಲಕಾಲಕ್ಕೆ ಬಾಟ್ಲಿ ಬಿಚ್ಚಿ ತೂಕ ಹಾಕಬೇಕು, ತೂಕ ಇಳಿದಿದ್ದರೆ ಬದಲಾಯಿಸಬೇಕು. ಬಿಸಿ ಜಾಸ್ತಿಯಾಗಿ ಬಾಟ್ಲಿ ತಾನಾಗಿಯೇ ಖಾಲಿಯಾದರೆ ತಿಳಿಯಲೆಂದು ವಿಮಾನದ ಮೈಮೇಲೆ ಒಂದೊಂದು ಬಾಟ್ಲಿಗೂ ಒಂದು ಕೆಂಪು ಬಿಲ್ಲೆ ಇಟ್ಟಿರುತ್ತಾರೆ. ಅನಿಲ ನುಗ್ಗಿದರೆ ಬಿಲ್ಲೆ ಹಾರಿಹೋಗುತ್ತದೆ. ಬಿಲ್ಲೆ ಇದ್ದರೆ ಕ್ಷೇಮ.

ಗಣಿ ಸಾಹುಕಾರರೊಬ್ಬರ ವಿಮಾನ ತಪಾಸಣೆಗೆ ಬಂತು. ಮರುದಿನವೇ ಅವರು ಮಗಳ ನಿಶ್ಚಿತಾರ್ಥಕ್ಕೆ ಅದರಲ್ಲಿ ಹಾರಬೇಕು. ಜೊತೆಗಿದ್ದ ಮ್ಯಾನೇಜರು ನನ್ನ ಬೆನ್ನ ಹಿಂದೆಯೇ ಸುತ್ತುತ್ತ, ನೋಡಿ ಮೇಡಂ, ಎಡಗಡೆ ಬಿಲ್ಲೆ ಐತೆ, ಬಲಗಡೆ ಬಿಲ್ಲೆ ಐತೆ, ಇನ್ನೇನು ಸರಿ ಅಂತ ಹೇಳಿಬಿಡಿ ಎಂದು ಅವಸರ ಮಾಡುತ್ತಿದ್ದ. ಇಷ್ಟು ಅವಸರ ಮಾಡುವವರನ್ನು ಕಂಡರೆ ನಾನು ಬೇಕೆಂದೇ ನಿಧಾನ ಮಾಡುತ್ತೇನೆ. ಬಲಗಡೆಯ ಬಿಲ್ಲೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದೆ. ಅದು ಎದ್ದು ನನ್ನ ಬೆರಳಿಗೆ ಅಂಟಿಕೊಂಡಿತು.

ಸ್ಟಿಕ್ಕರ್ ಬಿಂದಿ. ಇಂಥವು ನಮ್ಮಮ್ಮನ ಕನ್ನಡಿಯ ಮೇಲೆ ಸಾಲಾಗಿ ಅಂಟಿವೆ, ನನಗೆ ಗುರುತು ಸಿಗದೇ ಇರುತ್ತದೆಯೇ.

ಮ್ಯಾನೇಜರು ಅದು ಫಾರಿನ್ ಬಿಲ್ಲೆ ಎಂದು ವಾದಿಸಿ ನೋಡಿದ. ನಾನು ಬಾಟ್ಲಿ ಬಿಚ್ಚಿ ತಕ್ಕಡಿಗೆ ಇಟ್ಟೆ. ಪೂರ್ತಿ ಖಾಲಿ. ಆ ಇಂಜಿನ್ನಿಗೆ ಬೆಂಕಿ ಹತ್ತಿದ್ದರೆ ಆರಿಸಲು ಒಳಗೆ ಏನೂ ಇರುತ್ತಿರಲಿಲ್ಲ. ಮದುವೆ ಹೆಣ್ಣೂ ಅದರಲ್ಲೇ ಕೂರುವವಳಿದ್ದಳು.

ಸಾಹುಕಾರರಿಗೆ ಫೋನು ಹೋಯಿತು, ಅವರೇ ಓಡಿ ಬಂದರು. ಇದು ನಮ್ಮ ಅಮ್ಮಾವ್ರ ಬಿಂದಿ ಎಂದು ಮ್ಯಾನೇಜರು ತಲೆ ತಗ್ಗಿಸಿಕೊಂಡು ಒಪ್ಪಿಕೊಂಡ. ಹೊಸ ಬಾಟ್ಲಿ ಬರುವವರೆಗೆ ವಿಮಾನ ಅಲುಗದು, ಕಾರಿನಲ್ಲಿ ಹೋಗಿ ಎಂದೆ. ಸಾಹುಕಾರರು ನನಗೆ ಕೈ ಮುಗಿದರು. ಆಮೇಲೆ ಎಡಗಡೆಯ ನಿಜವಾದ ಬಿಲ್ಲೆಯನ್ನೂ ನನ್ನ ಬೆರಳ ಮೇಲಿದ್ದ ಬಿಂದಿಯನ್ನೂ ಬಹಳ ಹೊತ್ತು ಹೋಲಿಸಿ ನೋಡಿ ಮ್ಯಾನೇಜರಿಗೆ ಬೈದರು. "ಅಂಟಿಸೋನು ಅಂಟಿಸ್ದೆ. ಸೈಜಾದ್ರೂ ನೋಡಿ ಅಂಟಿಸ್ಬಾರ್ದೇನಲೇ."

ಗೇಟಿನವನ ಸಂದೇಹ

ನಮ್ಮ ಗೇಟಿನ ಕಾವಲಿನವನು ಪಕ್ಕದ ಹಳ್ಳಿಯವನು, ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಗಂಟೆ ಹೊಡೆದರೆ ಎಲ್ಲ ಬಿಟ್ಟು ಬೇವಿನ ಮರದ ಕೆಳಗೆ ಹೋಗಿ ನಿಲ್ಲಬೇಕು ಎಂದು ಅವನಿಗೆ ಮೊದಲ ದಿನವೇ ಹೇಳಿದ್ದರು. ನಾನು ವಿಮಾನದೊಳಗೆ ಕೂತು ಪರೀಕ್ಷೆಯ ಗುಂಡಿ ಒತ್ತಿದಾಗಲೆಲ್ಲ ಗಂಟೆ ಬಾರಿಸುತ್ತದೆ, ಕೆಂಪು ದೀಪ ಹತ್ತುತ್ತದೆ. ಪ್ರತಿ ಸಲವೂ ಅವನು ಊಟದ ಡಬ್ಬಿ ಬಿಟ್ಟು, ಗೇಟು ಬಿಟ್ಟು, ಒಮ್ಮೆ ಚಪ್ಪಲಿಯನ್ನೂ ಬಿಟ್ಟು ಬೇವಿನ ಮರಕ್ಕೆ ಓಡಿದ.

ಇದು ಪರೀಕ್ಷೆಯಪ್ಪ ಎಂದು ತಿಳಿಸಿ ಹೇಳಿದೆ. ಮರುದಿನದಿಂದ ಗಂಟೆ ಹೊಡೆದರೆ ಅವನು ಕುರ್ಚಿಯಿಂದ ಅಲುಗಲೇ ಇಲ್ಲ. ಇದು ಇನ್ನೂ ಅಪಾಯ. ಕೊನೆಗೆ ಒಂದು ಒಪ್ಪಂದವಾಯಿತು. ಪರೀಕ್ಷೆ ಇದ್ದರೆ ನಾನು ಮೊದಲೇ ಬಂದು ಅವನಿಗೆ ಹೇಳುವುದು, ಹೇಳದೆ ಗಂಟೆ ಹೊಡೆದರೆ ಅವನು ಓಡುವುದು. ಅವನು ಒಪ್ಪಿದ. ಆದರೂ ಏನೋ ಕೊರೆಯುತ್ತಿತ್ತು, ತಲೆ ಕೆರೆದುಕೊಂಡು ನಿಂತ.

"ಅಲ್ಲ ಮೇಡಂ, ನಿಜವಾಗ್ಲೂ ಬೆಂಕಿ ಬೀಳೋದಾದ್ರೂ ಒಂದ್ ಮಾತು ಮೊದ್ಲೇ ಹೇಳ್ತೀರಲ್ಲ?"

ಆರದ ಮಂಗಳಾರತಿ

ಆಯುಧಪೂಜೆಯ ದಿನ ಅದೇ ಗಣಿ ಸಾಹುಕಾರರ ತಾಯಿ ಪುರೋಹಿತರನ್ನು ಕರೆದುಕೊಂಡು ವಿಮಾನ ಪೂಜೆಗೆ ಬಂದರು. ಹೂವಿನ ಹಾರ ತಂದಿದ್ದರು, ಬೂದುಗುಂಬಳ ತಂದಿದ್ದರು, ಚಕ್ರದ ಕೆಳಗೆ ಇಡಲು ನಿಂಬೆಹಣ್ಣು ತಂದಿದ್ದರು. ಇಂಜಿನ್ನಿನ ಬಾಯಿಗೆ ಹಾರ ಹಾಕುವಂತಿಲ್ಲ ಎಂದೆ, ಒಪ್ಪಿದರು. ಕುಂಬಳಕಾಯಿಯನ್ನು ಬೇಲಿಯಾಚೆ ಒಡೆಯಿರಿ ಎಂದೆ, ಅದಕ್ಕೂ ಒಪ್ಪಿದರು. ಶೆಡ್ಡಿನೊಳಗೆ ಕರ್ಪೂರ ಹಚ್ಚುವಂತಿಲ್ಲ ಎಂದಾಗ ಮಾತ್ರ ಪುರೋಹಿತರು ಸಾಮಾನು ಕಟ್ಟತೊಡಗಿದರು. ಮಂಗಳಾರತಿ ಇಲ್ಲದ ಪೂಜೆಯನ್ನು ಅವರ ವಂಶದಲ್ಲಿ ಯಾರೂ ಮಾಡಿಲ್ಲವಂತೆ.

ವಿಮಾನದ ಇಂಧನ ತುಂಬಿದ ಜಾಗದಲ್ಲಿ ಕಡ್ಡಿ ಗೀರಲು ಬಿಟ್ಟರೆ ನಾನು ಇದ್ದೇನು ಪ್ರಯೋಜನ. ನಾನೂ ಜಗ್ಗಲಿಲ್ಲ. ಆ ಹಿರಿಯಮ್ಮನ ಕಣ್ಣಲ್ಲಿ ನೀರು ಬಂತು. ಮಗ ಹಾರುವ ಗಾಡಿಗೆ ಆರತಿ ಇಲ್ಲದೆ ಹೇಗೆ ಕಳಿಸಲಿ ತಾಯಿ ಅಂದರು. ಅದು ಕೇಳಿ ನನಗೂ ನೋವಾಯಿತು. ಕೊನೆಗೆ, ಬಾಲದೊಳಗೆ ನೋಡಲು ನಾನು ಬಳಸುವ ಬ್ಯಾಟರಿಯನ್ನೇ ಹತ್ತಿಸಿ ಆರತಿ ತಟ್ಟೆಯಲ್ಲಿ ನಿಲ್ಲಿಸಿ ಕೊಟ್ಟೆ.

ಪುರೋಹಿತರು ನನ್ನನ್ನೊಮ್ಮೆ ನೋಡಿದರು, ತಟ್ಟೆಯನ್ನೊಮ್ಮೆ ನೋಡಿದರು, ಗಂಟೆ ಎತ್ತಿಕೊಂಡರು. ಬೆಳಕು ವಿಮಾನದ ಮೂತಿಯ ಮೇಲೆ ಸುತ್ತಿ ಸುತ್ತಿ ಬಂತು. ಆಮೇಲೆ ತಟ್ಟೆ ಎಲ್ಲರ ಮುಂದೆ ಬಂತು. ನಮ್ಮ ದೊಡ್ಡ ಇಂಜಿನಿಯರೂ ಸೇರಿದಂತೆ ಒಬ್ಬರೂ ನಗದೆ, ಬ್ಯಾಟರಿಯ ಮೇಲೆ ಅಂಗೈ ಹಿಡಿದು ಕಣ್ಣಿಗೆ ಒತ್ತಿಕೊಂಡರು.

ಹೊರಡುವಾಗ ಪುರೋಹಿತರು ನನ್ನನ್ನು ಪಕ್ಕಕ್ಕೆ ಕರೆದರು. ಬೈಯುತ್ತಾರೆ ಅಂದುಕೊಂಡೆ. "ಈ ಬ್ಯಾಟರಿ ಎಲ್ಲಿ ಸಿಗುತ್ತವ್ವ? ಗುಡ್ಡದ ಮೇಲಿನ ಗುಡೀಲಿ ಗಾಳಿಗೆ ಒಂದು ದೀಪಾನೂ ನಿಲ್ಲಲ್ಲ" ಅಂದರು.

ಬಸ್ಸಿನಲ್ಲಿ

ಹಬ್ಬ ಕಳೆಯಿತು. ಬಿ.ದುರ್ಗದಿಂದ ಇನ್ನೇನು ಮಾತು ಬರಬೇಕು. ಆ ಶನಿವಾರ ಊರಿಗೆ ಹೊರಟಿದ್ದೆ. ಹಿರಿಯೂರಿನಲ್ಲಿ ಬಸ್ಸು ಹತ್ತಿ ಸೀಟು ಹಿಡಿದದ್ದೇ ನಮ್ಮ ದೊಡ್ಡ ಇಂಜಿನಿಯರ ಫೋನು ಬಂತು. ಸೋಮವಾರ ಒಂದು ವಿಮಾನದ ಕಡ್ಡಾಯ ತಪಾಸಣೆ, ಬಾಟ್ಲಿಗಳ ಸ್ಥಿತಿ ಏನು ಎಂದು ಕೇಳಿದರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಜಿನ್ನಿಗೆ ಬೆಂಕಿ ಹತ್ತಿದರೆ ಪೈಲಟ್ಟು ಒಂದು ಬಾಟ್ಲಿ ಸಿಡಿಸುತ್ತಾನೆ. ಅದು ಮೊದಲನೇ ಶಾಟು. ಆರದಿದ್ದರೆ ಇನ್ನೊಂದು, ಎರಡನೇ ಶಾಟು. ಇದು ನಮ್ಮಲ್ಲಿ ದಿನವೂ ಆಡುವ ಮಾತು. ಬಸ್ಸಿನ ಸದ್ದು ಜಾಸ್ತಿ ಇತ್ತು, ಹಾಗಾಗಿ ನಾನು ಗಟ್ಟಿಯಾಗಿಯೇ ಮಾತಾಡಿದೆ.

"ಸಾರ್, ಒಂದು ಬಾಟ್ಲಿ ಪೂರ್ತಿ ಖಾಲಿ ಆಗೈತಿ. ಇನ್ನೊಂದು ಅರ್ಧಕ್ಕೆ ಇಳ್ದೈತಿ. ಹೊಸವು ಎರಡು ತರ್ಸಿ ಇಡ್ರಿ, ಸೋಮವಾರ ಬೆಳಗ್ಗೆ ಬಂದೋಳೇ ಅದನ್ನೇ ಹಿಡ್ಕಂತೀನಿ. ಇಲ್ಲ ಸಾರ್, ಸೀಲ್ ನೀವು ಒಡೀಬೇಡ್ರಿ, ನಾನೇ ಒಡೀತೀನಿ. ಮೊದಲ್ನೇ ಶಾಟಿಗೇ ಕೆಲಸ ಆಗ್ಬೇಕು, ಎರಡ್ನೇದು ಜೊತೆಗಿರ್ಲಿ ಅಂತ ಅಷ್ಟೇ. ತೂಕ ಕಡಿಮೆ ಬಂದ್ರೆ ನಾನು ಮುಟ್ಟಲ್ಲ, ವಾಪಸ್ ಕಳಿಸ್ತೀನಿ."

ಫೋನು ಇಟ್ಟೆ. ಹಿಂದಿನ ಸೀಟಿನಲ್ಲಿ ಒಬ್ಬರು ಹಿರಿಯ ಹೆಂಗಸು ಕೂತಿದ್ದರು. ನೆಂಟರ ಮನೆಯಿಂದ ಬರುತ್ತಿದ್ದವರ ಹಾಗಿತ್ತು, ಕಾಲು ಚಾಚಿ ಮಂಡಿ ಒತ್ತಿಕೊಳ್ಳುತ್ತಿದ್ದರು. ಮುಂದಕ್ಕೆ ಬಾಗಿ ಯಾವೂರವ್ವ ನಿಂದು ಎಂದು ಕೇಳಿದರು. ಶ್ರೀರಾಂಪುರ ಎಂದೆ. ಏನು ಕೆಲಸ ಅಂದರು. ವಿಮಾನದ ಕೆಲಸ ಎಂದೆ. ಅವರು ಸೆರಗು ಎಳೆದುಕೊಂಡು ಹಿಂದಕ್ಕೆ ಒರಗಿದರು.

ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ ಎದ್ದು, ಮಂಡಿ ನೋವನ್ನೂ ಲೆಕ್ಕಿಸದೆ, ಡ್ರೈವರನ ಹಿಂದಿನ ಸೀಟಿಗೆ ಹೋಗಿ ಕೂತರು. ಹಿಂದೆ ಕುಲುಕು ಜಾಸ್ತಿ ಪಾಪ, ಅಂದುಕೊಂಡು ನಾನು ನಿದ್ದೆ ಹೋದೆ.

ಏಲಕ್ಕಿ

ಶ್ರೀರಾಂಪುರದಲ್ಲಿ ವಿಮಾನದ ಕೆಲಸದ ಹುಡುಗಿ ಇರುವುದು ನಾನೊಬ್ಬಳೇ. ಬಸ್ಸಿನಲ್ಲಿದ್ದವರು ಹುಡುಗನ ದೊಡ್ಡಮ್ಮ. ಈ ಎರಡು ವಿಷಯ ಸೇರಿ ಏನಾಗಿದೆಯೆಂದು ನನಗೆ ತಿಳಿದದ್ದು ಮುಂದಿನ ಶನಿವಾರ.

ಬಿ.ದುರ್ಗದವರು ಫೋನು ಎತ್ತದೆ ಹೋದಾಗ ಅಪ್ಪ ಬೈಕಿನಲ್ಲಿ ಅಲ್ಲಿಗೇ ಹೋಗಿ ಬಂದಿದ್ದ. ಬಂದವನು ಅಮ್ಮನ ಕಿವಿಯಲ್ಲಿ ಏನೋ ಊದಿ ಜಗಲಿಯ ಮೇಲೆ ಕೂತಿದ್ದ. ನಾನು ಹೊಸ್ತಿಲು ದಾಟಿದ ಕೂಡಲೇ ಅಮ್ಮ ತಲೆಗೆ ಎಣ್ಣೆ ಹಚ್ಚುತ್ತೇನೆ ಬಾ ಎಂದಳು. ಎಂದೂ ಇಲ್ಲದ ಪ್ರೀತಿ. ಎಣ್ಣೆ ಹಚ್ಚುತ್ತ ಹಚ್ಚುತ್ತ ನನ್ನ ಮುಖದ ಹತ್ತಿರ ಮುಖ ತಂದು ಮೂಗು ಅರಳಿಸಿದಳು. ಆಮೇಲೆ ಅಪ್ಪನ ಕಡೆ ತಿರುಗಿ ಸಣ್ಣ ದನಿಯಲ್ಲಿ, ಏಲಕ್ಕಿ ವಾಸನೆ ಬರುತ್ತೆ ಕಣ್ರಿ ಅಂದಳು. ಅಪ್ಪ ತಲೆ ಮೇಲೆ ಕೈ ಇಟ್ಟುಕೊಂಡ.

ಬಸ್ಸಿನಲ್ಲಿ ಹೊಟ್ಟೆ ತೊಳಸುತ್ತದೆಂದು ಏಲಕ್ಕಿ ಅಗಿಯುವುದು ನನ್ನ ಅಭ್ಯಾಸ. ಅದನ್ನು ಹೇಳಿದರೆ, ವಾಸನೆ ಮುಚ್ಚೋಕೆ ಅಗಿಯೋರೆಲ್ಲ ಹಾಗೇ ಹೇಳೋದು ಮಗಾ ಎಂದು ಅಪ್ಪ ಗದ್ಗದನಾದ. ಕೊನೆಗೆ ವಿಷಯ ಹೊರಬಿತ್ತು. ನಾನು ಬೆಳಗ್ಗೆಯೇ ಬಾಟ್ಲಿ ಹಿಡಿಯುತ್ತೇನಂತೆ. ಸೀಲು ಬೇರೆಯವರಿಂದ ಒಡೆಸುವುದಿಲ್ಲವಂತೆ. ಒಂದು ಶಾಟು ಸಾಲದಂತೆ.

ನನಗೆ ಸಿಟ್ಟು ಬಂತು, ಆಮೇಲೆ ಅಳು ಬಂತು. ಬಾಟ್ಲಿ ಅಂದರೆ ಏನೆಂದು ಬಿಡಿಸಿ ಹೇಳಿದ ಮೇಲೆ ಅಪ್ಪ ಅಮ್ಮನಿಗೆ ಸಮಾಧಾನವಾಯಿತು, ನನಗೆ ಆಗಲಿಲ್ಲ. ಈಗಲೇ ಹುಡುಗನಿಗೆ ಫೋನು ಮಾಡುತ್ತೇನೆ ಎಂದೆ. ನಾವಾಗಿ ಮೇಲೆ ಬಿದ್ದು ಕುಡಿಯಲ್ಲ ಕುಡಿಯಲ್ಲ ಅಂದರೆ ಕುಡಿಯುವುದು ಖಾಯಂ ಅಂದುಕೊಳ್ಳುತ್ತಾರೆ ಎಂದು ಅಪ್ಪ ತಡೆದ. ಆವತ್ತು ಊಟ ಬೇಡವೆಂದು ಎದ್ದುಬಿಟ್ಟೆ. ಅಮ್ಮ ಹಿಂದೆಯೇ ಬಂದಳು, ಸಮಾಧಾನ ಮಾಡಲು ಅಂದುಕೊಂಡೆ.

"ಅದ್ಸರಿ ಮಗಾ, ಆ ಗಾಳಿ ತುಂಬೋದಕ್ಕೆ ಬಾಟ್ಲಿ ಅಂತ ಹೆಸರಿಟ್ಟೋನು ಮಾತ್ರ ಕುಡುಕನೇ ಇರ್ಬೇಕು" ಅಂದಳು.

ತಪಾಸಣೆ

ಅಲ್ಲಿ ಬಿ.ದುರ್ಗದಲ್ಲಿ ಹುಡುಗ ಹಟ ಹಿಡಿದಿದ್ದನಂತೆ. ಕೇಳಿದ್ದನ್ನು ನಂಬಿ ಬೇಡ ಅನ್ನಬೇಡಿ, ಒಂದು ಸಲ ಹೋಗಿ ಕಣ್ಣಾರೆ ನೋಡಿಬರೋಣ ಎಂದು. ದೊಡ್ಡಪ್ಪನವರಿಗೂ ಅದು ಸರಿ ಕಂಡಿತು. ಹೇಳಿ ಹೋದರೆ ಹುಷಾರಾಗುತ್ತಾಳೆ, ಹೇಳದೆ ಹೋಗಾಣ ಅಂದರಂತೆ. ಒಂದು ಬೆಳಗ್ಗೆ ದೊಡ್ಡಪ್ಪ, ದೊಡ್ಡಮ್ಮ, ಹುಡುಗ ಮೂವರೂ ನಮ್ಮ ಗೇಟಿಗೆ ಬಂದು ನಿಂತರು. ಗೇಟಿನಲ್ಲಿ ನಡೆದದ್ದನ್ನು ಆಮೇಲೆ ನನಗೆ ಹುಡುಗನೇ ಹೇಳಿದ.

ಶ್ರೀರಾಂಪುರದ ಹುಡುಗಿ ಇದ್ದಾಳಾ ಎಂದು ದೊಡ್ಡಪ್ಪ ವಿಚಾರಿಸಿದರು. ನಮ್ಮ ಕಾವಲಿನವನಿಗೆ ನನ್ನ ಮೇಲೆ ಬಹಳ ಅಭಿಮಾನ. ಎದೆ ಉಬ್ಬಿಸಿಕೊಂಡು ಹೇಳಿದ.

"ಅವ್ರೇ? ಒಳಗೆ ಬಾಟ್ಲಿ ಜೊತೆ ಅವ್ರೆ. ಬೆಳಗ್ಗೆ ಬಂದೋರೇ ಒಂದು ಮುಗಿಸಿದ್ರು, ಈಗ ಎರಡ್ನೇದು. ಈ ಸುತ್ತಿನಾಗೆ ಅವ್ರಷ್ಟು ಬಾಟ್ಲಿ ಇಳಿಸಿದೋರು ಯಾರೂ ಇಲ್ರಿ. ಕೈ ಸ್ವಲ್ಪಾನೂ ನಡುಗಲ್ಲ."

ದೊಡ್ಡಮ್ಮ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರಂತೆ. ದೊಡ್ಡಪ್ಪ ಬಂದ ದಾರಿಗೇ ತಿರುಗಿದರು. ಹುಡುಗ ಇಬ್ಬರ ಕೈಯನ್ನೂ ಹಿಡಿದು ಒಳಗೆ ಕರೆತಂದ. ದೊಡ್ಡ ಇಂಜಿನಿಯರು ಅವರನ್ನು ನನ್ನ ನೆಂಟರೆಂದು ತಿಳಿದು, ದೂರ ನಿಂತು ನೋಡಿ ಎಂದು ಒಳಗೆ ಬಿಟ್ಟರು.

ಅವರ ಕಣ್ಣಿಗೆ ಮೊದಲು ಬಿದ್ದದ್ದು ನನ್ನ ಕಾಲು. ವಿಮಾನದ ಬಾಲದ ಕೆಳಗೆ ಅಂಗಾತ ಮಲಗಿ, ಸೊಂಟದವರೆಗೂ ಒಳಗೆ ತೂರಿಕೊಂಡು, ಬಾಟ್ಲಿಯ ಬೋಲ್ಟು ಬಿಚ್ಚುತ್ತಿದ್ದೆ. ಹೊರಗಿದ್ದದ್ದು ಎರಡು ಕಾಲು ಮಾತ್ರ.

"ಆಗ್ಲೇ ಬಿದ್ದವ್ಳೆ ನೋಡ್ರಿ" ಎಂದು ಯಾರೋ ಹೆಂಗಸಿನ ದನಿ ಕೇಳಿತು.

ಉಕ್ಕಿನ ಬಾಟ್ಲಿಯನ್ನು ಎದೆಗವಚಿಕೊಂಡು ಜಾರಿ ಹೊರಗೆ ಬಂದೆ. ಎದುರಿಗೆ ಬಸ್ಸಿನ ಹೆಂಗಸು, ಅವರ ಪಕ್ಕ ವಿಭೂತಿಯ ದೊಡ್ಡಪ್ಪ, ಹಿಂದೆ ನಗು ತಡೆದುಕೊಂಡ ಹುಡುಗ. ನನ್ನ ಮೂಗಿನ ಮೇಲೆ ಗ್ರೀಸು. ಬಾಟ್ಲಿ ಮುಂದಕ್ಕೆ ಹಿಡಿದು, ಇದೇ ಬಾಟ್ಲಿ ಅಂದೆ.

ದೊಡ್ಡಮ್ಮ ಹತ್ತಿರ ಬಂದು ಬಾಟ್ಲಿಯನ್ನು ಬೆರಳಲ್ಲಿ ತಟ್ಟಿ ನೋಡಿದರು. ಮೂಸಿ ನೋಡಿದರು. ಮುಚ್ಚಳ ಎಲ್ಲೈತಿ ಎಂದು ಕೇಳಿದರು. ಮುಚ್ಚಳ ಇಲ್ಲ, ಇದನ್ನು ಬಾಯಿಗೆ ಹಿಡಿಯಲು ಬರುವುದಿಲ್ಲ ಎಂದು ಹೇಳಿ ಎಲ್ಲವನ್ನೂ ವಿವರಿಸಿದೆ. ತೂಕ ಹಾಕಿ ತೋರಿಸಿದೆ. ಮೊದಲನೇ ಶಾಟು, ಎರಡನೇ ಶಾಟು ಏನೆಂದು ಹೇಳಿದೆ. ದೊಡ್ಡಮ್ಮನ ಮುಖ ಸಡಿಲವಾಯಿತು. ನನ್ನ ಕೈ ಹಿಡಿದು, ನಿನ್ನ ಮೇಲೆ ಇಲ್ಲದ್ದು ಹೊರಿಸಿಬಿಟ್ಟೆ ತಾಯಿ ಅಂದರು. ಒಂದು ವಾರದಿಂದ ಎದೆಯ ಮೇಲೆ ಕೂತಿದ್ದ ಭಾರ ಅರ್ಧ ಇಳಿಯಿತು. ಇನ್ನರ್ಧ ದೊಡ್ಡಪ್ಪನ ಬಾಯಲ್ಲಿತ್ತು. ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ವಿಮಾನದ ಒಳಗೆ ಹೇಗಿರುತ್ತದೆ ನೋಡಬಹುದೇ ಅಂದರು.

ಹತ್ತಿಸಿ ಕೂರಿಸಿದೆ. ಮೆತ್ತನೆಯ ಸೀಟನ್ನು ಒತ್ತಿ ನೋಡಿದರು, ಕಿಟಕಿಯಲ್ಲಿ ಇಣುಕಿದರು. ಆಮೇಲೆ ಕೈ ತೊಳೆಯುವ ಕೋಣೆ ಎಲ್ಲಿ ಎಂದು ಕೇಳಿದರು. ನೀರು ಬಿಟ್ಟಿಲ್ಲ, ಸುಮ್ಮನೆ ನೋಡಿ ಬನ್ನಿ ಎಂದು ಹಿಂದಿನ ಬಾಗಿಲು ತೋರಿಸಿದೆ. ನಾನು ಕೆಳಗಿಳಿದು ದೊಡ್ಡಮ್ಮನಿಗೆ ಕುರ್ಚಿ ಹಾಕುತ್ತಿದ್ದೆ.

ಗಂಟೆ ಬಾರಿಸಿತು.

ಗುಂಡಿ ಒತ್ತಿದವರು ಯಾರೂ ಇಲ್ಲ. ಆ ಕೋಣೆಯಲ್ಲಿ ಹೊಗೆ ಕಂಡರೆ ಗಂಟೆ ಬಾರಿಸುವ ಪುಟ್ಟ ಡಬ್ಬಿಯೊಂದಿದೆ, ಅದು ಕೂಗುತ್ತಿತ್ತು. ಇಷ್ಟು ವರ್ಷದಲ್ಲಿ ನಿಜವಾದ ಗಂಟೆ ನಾನು ಕೇಳಿದ್ದು ಅದೇ ಮೊದಲು. ಗೇಟಿನವನು ಬೇವಿನ ಮರಕ್ಕೆ ಓಡಿದ. ನಾನು ಬೆಂಕಿ ಆರಿಸುವ ಡಬ್ಬ ಕಿತ್ತುಕೊಂಡು ಮೆಟ್ಟಿಲು ಹಾರಿ ಒಳಗೆ ನುಗ್ಗಿ ಆ ಬಾಗಿಲನ್ನು ಎಳೆದೆ. ಒಳಗೆ ಹೊಗೆ. ಹೊಗೆಯ ನಡುವೆ ವಿಭೂತಿ. ವಿಭೂತಿಯ ಕೆಳಗೆ, ಬೆರಳ ಸಂದಿಯಲ್ಲಿ, ಉರಿಯುತ್ತಿದ್ದ ಬೀಡಿ.

ಆ ಹೊತ್ತಿನಲ್ಲಿ ಅವರು ಯಾರು, ಅವರ ಒಂದು ಮಾತಿನಿಂದ ನನಗೇನು ಆಗಬೇಕು, ಒಂದೂ ನೆನಪಿಗೆ ಬರಲಿಲ್ಲ. ಬೀಡಿ ಕಸಿದು ಹೊಸಕಿ ಹಾಕಿದೆ. ಬಾಯಿಗೆ ಬಂದದ್ದು ಅಂದೆ.

"ಬುದ್ಧಿ ಐತಾ ನಿಮ್ಗೆ? ರೆಕ್ಕೆ ತುಂಬ ಎಣ್ಣೆ ಐತೆ. ಹತ್ತಿಕೊಂಡಿದ್ರೆ ನಿಮ್ಮನ್ನ ಕರ್ಕೊಂಡು ಬಂದ ಆ ಹುಡುಗನೂ ಉಳೀತಿರ್ಲಿಲ್ಲ. ಇಳೀರಿ ಮೊದ್ಲು. ಇಳೀರಿ ಅಂದೆ."

ತೋಳು ಹಿಡಿದು ಮೆಟ್ಟಿಲಿಳಿಸಿದೆ. ಗಂಟೆ ನಿಲ್ಲಿಸಿದೆ. ಬೆಂಕಿ ಆರಿಸುವ ಡಬ್ಬವನ್ನು ಮತ್ತೆ ಅದರ ಜಾಗಕ್ಕೆ ಸಿಕ್ಕಿಸಿದ ಮೇಲೆ, ನಾನು ಯಾರಿಗೆ ಏನು ಅಂದೆ ಎನ್ನುವುದು ನಿಧಾನವಾಗಿ ತಲೆಗೆ ಬಂತು. ಹೂಂ ಅನ್ನಬೇಕಾದ ಬಾಯನ್ನು ನಾನೇ ಬೈದು ಮುಚ್ಚಿಸಿದ್ದೆ. ಮುಗಿಯಿತು ಅಂದುಕೊಂಡೆ. ಹುಡುಗನ ಮುಖ ನೋಡಲೂ ಧೈರ್ಯವಾಗಲಿಲ್ಲ.

ದೊಡ್ಡಪ್ಪ ತಲೆ ತಗ್ಗಿಸಿ ನಿಂತಿದ್ದರು. ದೊಡ್ಡಮ್ಮ ಕುರ್ಚಿಯಿಂದ ಎದ್ದು, ಮಂಡಿ ಹಿಡಿದುಕೊಂಡು ನಡೆದು ಬಂದು, ಗಂಡನ ಮುಖವನ್ನು ಹತ್ತಿರದಿಂದ ನೋಡಿದರು. ಮಠದಲ್ಲಿ ಸ್ವಾಮಿಗಳ ಮುಂದೆ ಬೀಡಿ ಬಿಟ್ಟೆ ಅಂತ ಮಾತು ಕೊಟ್ಟಿದ್ದವರು ಈ ದೊಡ್ಡಪ್ಪ. ಆಮೇಲೂ ಅಂಗಿಯಲ್ಲಿ ವಾಸನೆ ಬರುತ್ತಿತ್ತಂತೆ. ಕೇಳಿದಾಗಲೆಲ್ಲ, ಬಸ್ಸಿನಲ್ಲಿ ಪಕ್ಕದವನು ಸೇದುತ್ತಿದ್ದ ಅನ್ನುತ್ತಿದ್ದರಂತೆ. ಈ ಸಲ ಪಕ್ಕದಲ್ಲಿ ಯಾರೂ ಇರಲಿಲ್ಲ.

ದೊಡ್ಡಪ್ಪ ನನ್ನ ಕಡೆ ನೋಡದೆ, ನೆಲಕ್ಕೇ ಹೇಳುವ ಹಾಗೆ, ಹುಡುಗಿ ಒಳ್ಳೆಯವಳು, ನಮ್ಮ ಕಡೆಯಿಂದ ಹೂಂ ಅಂದರು. ನನಗೆ ಉಸಿರು ಬಂತು. ಹುಡುಗ ಆ ಕಡೆ ತಿರುಗಿಕೊಂಡು ನಗುತ್ತಿದ್ದ, ಅವನ ಭುಜ ಕುಣಿಯುತ್ತಿತ್ತು.

ದೊಡ್ಡಮ್ಮ ನನ್ನ ಮೂಗಿನ ಮೇಲಿದ್ದ ಗ್ರೀಸನ್ನು ಸೆರಗಿನಲ್ಲಿ ಒರೆಸಿದರು.

"ಬಂಗಾರ ಬ್ಯಾಡ, ಬಟ್ಟೆ ಬ್ಯಾಡ, ನಿಮ್ಮಪ್ಪನಿಗೆ ಹೇಳು ನಮಗೆ ಏನೂ ಬ್ಯಾಡ" ಅಂದರು. "ಬರೋವಾಗ ಆ ಕೂಗೋ ಡಬ್ಬಿ ಒಂದು ತಂದು ನಮ್ಮನೆ ಬಚ್ಚಲಿಗೆ ಹಾಕ್ಸವ್ವ."